ಜಪಾನಿ ಅಜ್ಜಿಯ ಮೊಮ್ಮಗನಿಗೆ ಬಂದ ಫೋನ್

ಮೋಸದ ಫೋನ್ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಸೌದಿಯ ಯಾನ್ಬುವಿನಲ್ಲಿ ಇಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಹೆಮ್ಮೆಪಡಲು ಏನಾದರೂ ಒಂದು ಬೇಕಲ್ಲ! “ನಿಮ್ಮ ಬ್ಯಾಂಕ್ ಕಾರ್ಡ್ ಬಂದ್ ಆಗಿದೆ, ಇಕಾಮಾ ನಂಬರ್ ಹೇಳಿ” ಎಂದು ಯಾರಾದರೂ ಫೋನ್ ಮಾಡಿದರೆ, ನಮ್ಮ ಪೈಪಿನ ಗೋದಾಮಿನವರೆಲ್ಲ ಫೋನನ್ನು ನನ್ನ ಕೈಗೆ ತಂದುಕೊಡುತ್ತಿದ್ದರು. ನಾನು ಅದನ್ನು ಸ್ಪೀಕರಿಗೆ ಹಾಕಿ, ಸುಳ್ಳಿನ ಮೇಲೆ ಸುಳ್ಳು ಹೇಳಿ, ಕಳ್ಳನೇ ಬೇಸತ್ತು ಇಡುವಂತೆ ಮಾಡುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಉಪ್ಪಿನಕಾಯಿ ಇಲ್ಲದಿದ್ದರೂ ನಡೆಯುತ್ತಿತ್ತು, ಈ ಕಾರ್ಯಕ್ರಮ ಬೇಕಿತ್ತು.

ಈ ವಿದ್ಯೆಗೆ ಗುರು ನನ್ನ ಅಕ್ಕ ನಸೀಮಾ. ಹಿಂದೊಮ್ಮೆ ನಾನು ಇಂಥ ಒಬ್ಬನಿಗೆ ಸಂಬಳವಿಡೀ ಒಪ್ಪಿಸಿದಾಗ, ದೇಶದ ಇನ್ನೊಂದು ತುದಿಯ ಅಲ್ ಖೋಬರಿನಿಂದ ಫೋನಿನಲ್ಲೇ ಬೈದು, “ಗುರ್ತ ಇಲ್ಲದ ನಂಬರಿಗೆ ಇನ್ನು ಒಂದು ಸತ್ಯ ಹೇಳಿದ್ರೆ ನೋಡು!” ಎಂದಿದ್ದಳು. ಅಕ್ಕನ ಮಾತನ್ನು ನಾನು ಶ್ರದ್ಧೆಯಿಂದ ಪಾಲಿಸಿದ್ದು ಅದೇ ಮೊದಲ ಸಲ.

ಅಷ್ಟರಲ್ಲಿ ಅಕ್ಕನ ಸಂಸಾರಕ್ಕೆ ಕಷ್ಟ ಬಂತು. ಭಾವನ ಕಂಪೆನಿ ಮುಚ್ಚುವುದೆಂದಾಯಿತು. ಇಲ್ಲಿ ನೆಲೆಸುವ ಪರವಾನಗಿಯಾದ ಇಕಾಮಾ ಮುಗಿದರೆ ಭಾವ, ಅಕ್ಕ, ಇಬ್ಬರು ಮಕ್ಕಳು ಎಲ್ಲರೂ ಸೌದಿ ಬಿಡಬೇಕು. ಎಲ್ಲಿಗೆ ಹೋಗುವುದು ಎಂದು ಯೋಚಿಸುವಾಗ ಅಕ್ಕನಿಗೆ ಅಜ್ಜಿಯ ನೆನಪಾಯಿತು.

ನಮ್ಮ ಉಮ್ಮನ ತಾಯಿ ಜಪಾನಿನವರು. ಹಡಗಿನಲ್ಲಿ ಅಡುಗೆಯವರಾಗಿದ್ದ ಅಜ್ಜ ಕೋಬೆ ಬಂದರಿನಲ್ಲಿ ಮದುವೆಯಾಗಿ ಅವರನ್ನು ಉಳ್ಳಾಲಕ್ಕೆ ಕರೆತಂದಿದ್ದರು. ನಮಗೆ ಇದು ವಿಶೇಷ ಅನ್ನಿಸಿದ್ದೇ ಇಲ್ಲ. ಪಕ್ಕದ ಮನೆಯ ಅಜ್ಜಿ ಕಾಸರಗೋಡಿನವರು, ನಮ್ಮ ಅಜ್ಜಿ ಜಪಾನಿನವರು. ಅಷ್ಟೆ! ಆದರೆ ಜಪಾನ್ ಸರಕಾರಕ್ಕೆ ಇದು ವಿಶೇಷವಂತೆ. ಜಪಾನಿಯರ ಮೊಮ್ಮಕ್ಕಳಿಗೆ ಅಲ್ಲಿ ದೀರ್ಘಕಾಲ ನೆಲೆಸುವ ವೀಸಾ ಕೊಡುತ್ತಾರಂತೆ. ಅಕ್ಕ ಮೂರು ದೇಶಗಳಿಂದ ಕಾಗದಪತ್ರ ಕೂಡಿಸಿದಳು. ಅಜ್ಜಿಯ ತಮ್ಮನ ಮಗ ಅಲ್ಲಿಂದ ಕುಟುಂಬದ ದಾಖಲೆ ಕಳಿಸಿ, ಜಾಮೀನಿಗೂ ನಿಂತರು.

ಉಳಿದದ್ದು ಒಂದೇ ಕೆಲಸ. ರಿಯಾದಿನ ರಾಯಭಾರ ಕಚೇರಿಯವರು ಒಡಹುಟ್ಟಿದವರನ್ನು ವಿಚಾರಿಸಿ, ಈಕೆ ನಿಜವಾಗಿ ಆ ಅಜ್ಜಿಯ ಮೊಮ್ಮಗಳೇ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ಅಕ್ಕ ನನ್ನ ನಂಬರ್ ಕೊಟ್ಟಳು. ಅದನ್ನು ತಿಳಿಸಿ ನನಗೊಂದು ವಾಯ್ಸ್ ಮೆಸೇಜ್ ಕಳಿಸಿದಳು. ಅಕ್ಕನ ಮೆಸೇಜ್ ಉಮ್ಮನ ಮೊಣಕಾಲು ನೋವಿನಿಂದ ಹೊರಟು, ಮಕ್ಕಳ ಪರೀಕ್ಷೆ ದಾಟಿ, ಮುಖ್ಯ ವಿಷಯಕ್ಕೆ ಬರುವಾಗ ಕೇಳುವವನ ಚಹಾ ತಣ್ಣಗಾಗಿರುತ್ತದೆ. ನಾನು ಮೊಣಕಾಲಿನವರೆಗೆ ಕೇಳಿ, ಹೆಬ್ಬೆರಳಿನ ಚಿತ್ರ ಒತ್ತಿ, ಫೋರ್ಕ್‌ಲಿಫ್ಟ್ ಹತ್ತಿದೆ.

ಅಪರಾಧ ಅಲ್ಲಿಗೇ ಪೂರ್ತಿಯಾಗಿತ್ತು. ಮುಂದಿನದೆಲ್ಲ ಅಲಂಕಾರ.

ಕೆಲವು ದಿನ ಬಿಟ್ಟು ಊಟದ ಹೊತ್ತಿಗೆ ಫೋನ್ ಬಂತು. ಯಾವುದೋ ಮೊಬೈಲ್ ನಂಬರು, ಬಹಳ ನಯವಾದ ಉರ್ದು. “ರಫೀಕ್ ಸಾಹೇಬರಾ? ಜಪಾನ್ ರಾಯಭಾರ ಕಚೇರಿಯಿಂದ ಮಾತಾಡುತ್ತಿದ್ದೇನೆ.”

ಸ್ಪೀಕರ್ ಹಾಕಿದೆ. ನಮ್ಮ ಗೋದಾಮಿನ ಹಿರಿಯರಾದ ಪುತ್ತೂರಿನ ಮೋನಾಕ ಕಿವಿಯ ಹತ್ತಿರ ಬಂದು, “ನಿನ್ನ ಅಕ್ಕ ಜಪಾನಿಗೆ ಹೋಗುವುದು ಕಳ್ಳರಿಗೂ ಗೊತ್ತಾಯ್ತು ಮಾರಾಯ. ನೀನು ಇಡೀ ಯಾನ್ಬುವಿಗೆ ಸಾರಿದ್ದಲ್ವಾ! ಬಿಡ್ಬೇಡ ಅವನನ್ನು” ಎಂದರು.

“ನಿಮ್ಮ ತಾಯಿಯ ಹೆಸರು, ಹುಟ್ಟಿದ ತಾರೀಕು ಹೇಳುತ್ತೀರಾ?”

ಸಿಕ್ಕಿಬಿದ್ದ! ಇದನ್ನು ಕೇಳುವವರು ಲೋಕದಲ್ಲಿ ಇಬ್ಬರೇ. ಬ್ಯಾಂಕಿನವರು, ಮತ್ತು ಬ್ಯಾಂಕಿನವರ ವೇಷ ಹಾಕಿದವರು.

“ಮೊದಲು ಅಜ್ಜಿಯ ಹೆಸರು ಬರ್ಕೊಳ್ಳಿ. ಕುಂಞಾಲಿಮ್ಮ. ಊರು ಪಾಣೆಮಂಗಳೂರು.”

“ಅವರು ಜಪಾನಿನವರಲ್ಲವೇ?”

“ನಮ್ಮ ಮನೆಯಲ್ಲಿ ಜಪಾನಿನದ್ದು ಅಂತ ಇದ್ದದ್ದು ಒಂದು ಟೇಪ್ ರೆಕಾರ್ಡರ್. ಅದೂ ಹಾಳಾಗಿದೆ.”

“ನಸೀಮಾ ಅವರು ನಿಮ್ಮ ಅಕ್ಕ ತಾನೇ?”

“ನನಗೆ ಅಕ್ಕನೇ ಇಲ್ಲ. ನಾವು ಏಳು ಜನ ಗಂಡುಮಕ್ಕಳು!”

ಗೋದಾಮು ನಕ್ಕು ಉರುಳಿತು. ಆಚೆಯವರು “ಏಳು” ಎಂದು ನಿಧಾನವಾಗಿ ಹೇಳಿಕೊಂಡು ಫೋನಿಟ್ಟರು.

ಸ್ವಲ್ಪ ಹೊತ್ತಿಗೆ ಅದೇ ನಂಬರಿನಿಂದ ಇನ್ನೊಂದು ಸ್ವರ. ಒಂದೊಂದೇ ಶಬ್ದ ಇಟ್ಟು ನಡೆಯುವ ಇಂಗ್ಲಿಷ್. ಮೋನಾಕ ಬಾಯಿಗೆ ಬಟ್ಟೆ ಹಿಡಿದುಕೊಂಡು, “ಜಪಾನಿಯ ಸ್ವರವನ್ನೇ ಮಾಡ್ತಾನಲ್ಲ! ಇವನು ನಾಟಕದವ!” ಎಂದರು. ನಾನು ನನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ತೀರ್ಪು ಕೊಟ್ಟೆ: “ಯುವರ್ ಆಕ್ಟಿಂಗ್ ಗುಡ್. ಸ್ಟೋರಿ ಬ್ಯಾಡ್.”

ಆತ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಧನ್ಯವಾದ ಹೇಳಿ, ಆಮೇಲೆ ಫೋನಿಟ್ಟ. ಇಷ್ಟು ಮರ್ಯಾದಸ್ಥ ಕಳ್ಳನನ್ನು ನಾನು ನೋಡಿಯೇ ಇರಲಿಲ್ಲ!

ಇಲ್ಲಿಗೆ ನಿಲ್ಲಿಸಿದ್ದರೆ ನಾನು ನಾನೇ ಅಲ್ಲ. ನಂಬರನ್ನು ಬ್ಲಾಕ್ ಮಾಡಿದೆ. ರೆಕಾರ್ಡ್ ಆಗಿದ್ದ ಮಾತನ್ನು “ಎಚ್ಚರಿಕೆ! ಜಪಾನ್ ಹೆಸರಿನಲ್ಲಿ ಹೊಸ ಮೋಸ! ಎಲ್ಲರಿಗೂ ಕಳಿಸಿ” ಎಂದು ನಮ್ಮೂರಿನವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಜನ ಕಳಿಸಿದರು. ಅದು ಯಾನ್ಬುವಿನಿಂದ ಹೊರಟು, ಮರುಭೂಮಿ ದಾಟಿ, ಸಂಜೆಯೊಳಗೆ ಅಲ್ ಖೋಬರಿನಲ್ಲಿ ಅಕ್ಕನ ಪಕ್ಕದ ಮನೆಗೆ ತಲುಪಿತು.

ಅಕ್ಕ ಫೋನ್ ಮಾಡಿದಳು. “ಊಟ ಆಯ್ತಾ?”

“ಆಯ್ತು.”

“ಆ ಎರಡನೇ ಕಳ್ಳ ಉಂಟಲ್ಲ, ಅವರ ಎದುರು ಕೂತು ನಾನು ಹೋದ ವಾರ ಚಹಾ ಕುಡ್ದು ಬಂದಿದ್ದೇನೆ.”

“ನೀನೇ ಅಲ್ವಾ ಗುರ್ತ ಇಲ್ಲದ ನಂಬರಿಗೆ ಸತ್ಯ ಹೇಳ್ಬೇಡ ಅಂದದ್ದು?”

“ನಿನ್ನ ಮಂಡೆ ಸಮ ಉಂಟಾ? ಮೆಸೇಜಿನಲ್ಲಿ ಅಷ್ಟು ಬಿಡಿಸಿ ಬಿಡಿಸಿ ಹೇಳಿದ್ದೆ! ನೀನು ಹೆಬ್ಬೆರಳು ತೋರಿಸಿದ್ದು ಎಂತಕ್ಕೆ?” ಆಮೇಲೆ ಅವಳು ಬೈಯಲಿಲ್ಲ. ಸುಮ್ಮನೆ ಅತ್ತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬ್ಲಾಕ್ ತೆಗೆದು ಆ ನಂಬರಿಗೆ ಕರೆ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಈಗ ಅವರ ಲೆಕ್ಕದಲ್ಲಿ ಮೋಸಗಾರ ನಾನು! ರಜೆ ಹಾಕಿ ರಿಯಾದಿನ ಬಸ್ಸು ಹತ್ತಿದೆ. ಅಕ್ಕನೂ ಬಂದಳು. ಕಚೇರಿಯಲ್ಲಿ ಅದೇ ಜಪಾನಿ ಅಧಿಕಾರಿ, ಪಕ್ಕದಲ್ಲಿ ಅದೇ ಉರ್ದು ಸಾಹೇಬರು. ನನ್ನ ಮಾತನ್ನೆಲ್ಲ ಅಚ್ಚುಕಟ್ಟಾಗಿ ಟೈಪ್ ಮಾಡಿಟ್ಟಿದ್ದರು.

“ನಿಮ್ಮ ಉಳಿದ ಆರು ಜನ ಸಹೋದರರು ಈಗ ಎಲ್ಲಿದ್ದಾರೆ?” ಎಂದು ಅಧಿಕಾರಿ ಗಂಭೀರವಾಗಿ ಕೇಳಿದರು.

“ಅವರು ಹುಟ್ಟಲಿಲ್ಲ ಸಾರ್.”

“ಕುಂಞಾಲಿಮ್ಮ?”

“ಅವರೂ ಹುಟ್ಟಲಿಲ್ಲ.”

“ಟೇಪ್ ರೆಕಾರ್ಡರ್?”

“ಅದು ಸತ್ಯ ಸಾರ್!”

ಅಕ್ಕ ಮೇಜಿನಡಿಯಲ್ಲಿ ನನ್ನ ಕಾಲು ತುಳಿದಳು. ಅಧಿಕಾರಿ ಟೈಪ್ ಮಾಡಿದ ಹಾಳೆಯನ್ನು ಬದಿಗಿಟ್ಟು, ಅಜ್ಜಿಯ ಬಗ್ಗೆ ನನಗೆ ನಿಜವಾಗಿ ನೆನಪಿರುವುದನ್ನು ಹೇಳಿ ಎಂದರು. ನನಗೆ ನೆನಪಿದ್ದದ್ದು ಒಂದೇ. ಅಜ್ಜಿ ನಮ್ಮೊಡನೆ ಬ್ಯಾರಿ ಭಾಷೆ ಆಡುತ್ತಿದ್ದರು. ಒಣಮೀನಿಗೆ ಬಾಯಿಹಾಕುವ ಕೋಳಿಗಳನ್ನು ಮಾತ್ರ ಜಪಾನಿ ಭಾಷೆಯಲ್ಲಿ ಬೈಯುತ್ತಿದ್ದರು. ನಾನು ಎದ್ದು ನಿಂತು, ಕೈ ಬೀಸಿ, ಅಜ್ಜಿಯ ಸ್ವರದಲ್ಲೇ ಅದನ್ನು ಒಪ್ಪಿಸಿದೆ. ಒಳಗಿನ ಕೋಣೆಯಲ್ಲಿ ಯಾರದ್ದೋ ಕೈಯಿಂದ ಲೋಟ ಬಿತ್ತು. ಅಧಿಕಾರಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಇದನ್ನು ಯಾವ ಪುಸ್ತಕದಿಂದಲೂ ಕಲಿಯಲು ಆಗುವುದಿಲ್ಲ,” ಎಂದರು ಕೊನೆಗೆ. “ದಯವಿಟ್ಟು ಇನ್ನೊಮ್ಮೆ ಹೇಳಬೇಡಿ.”

ಆಮೇಲೆ “ನನಗೆ ಒಬ್ಬಳು ಅಕ್ಕ ಇದ್ದಾಳೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ” ಎಂದು ನನ್ನಿಂದ ಬರೆಸಿಕೊಂಡು ಸಹಿ ಹಾಕಿಸಿದರು.

ಆದರೂ ಕಡತ ಮತ್ತೆ ಮೊದಲಿನಿಂದ ಹೊರಡಬೇಕಾಯಿತು. ವೀಸಾ ಬಂದಾಗ ಇಕಾಮಾ ಮುಗಿಯಲು ಇನ್ನೇನು ಎರಡೇ ದಿನ. ಮೊದಲು ಊರಿಗೆ ಹೋಗಿ, ಉಮ್ಮನ ಜೊತೆ ಒಂದು ತಿಂಗಳು ಇದ್ದು, ಅಲ್ಲಿಂದ ಜಪಾನಿಗೆ ಹೋಗುವುದೆಂದು ಅಕ್ಕ ಎಣಿಸಿದ್ದಳು. ಆದರೆ ಭಾವ ಜಪಾನಿನಲ್ಲಿ ಕೆಲಸಕ್ಕೆ ಸೇರಬೇಕಾದ ದಿನವೂ ಅಷ್ಟರಲ್ಲಿ ಬಂದುಬಿಟ್ಟು ಅದು ತಪ್ಪಿತು. ತಮ್ಮ ತಾಯಿಯ ದೇಶಕ್ಕೆ ಮಗಳು ಹೊರಟದ್ದನ್ನು ಉಮ್ಮ ಫೋನಿನಲ್ಲಿ ನೋಡಿದರು. ನಾನು ತಮಾಷೆ ಮಾಡಿದ್ದಕ್ಕೆ ದಂಡ ಕಟ್ಟಿದ್ದು ಉಮ್ಮ. ಇದನ್ನು ಬರೆಯುವಾಗಲೂ ನನಗೆ ತಲೆ ಎತ್ತಲು ಆಗುವುದಿಲ್ಲ.

ದಮ್ಮಾಮಿನ ವಿಮಾನ ನಿಲ್ದಾಣದಲ್ಲಿ ಅಕ್ಕ ನನ್ನ ಕೈಗೆ ಅವರಿದ್ದ ಫ್ಲ್ಯಾಟಿನ ಕೀ ಕೊಟ್ಟಳು. “ಇದನ್ನು ಮಾಲೀಕರಿಗೆ ಕೊಡು. ಅವರು ಎಂತ ಕೇಳಿದ್ರೂ ನೀನು ಬಾಯಿ ತೆರೀಬೇಡ. ಕೀ ಕೊಡು, ಬಾ.”

ಈ ಸಲ ನಾನು ಪೂರ್ತಿ ಕೇಳಿಸಿಕೊಂಡಿದ್ದೆ. ಮಾಲೀಕರು ಬಾಗಿಲು ತೆರೆದು ಅರಬಿಯಲ್ಲಿ ಏನೋ ಕೇಳಿದರು. ನಾನು ತುಟಿ ಬಿಗಿಹಿಡಿದು ಕೀ ಚಾಚಿದೆ. ಹೆಸರು ಕೇಳಿದರು. ತಲೆ ಬಾಗಿಸಿದೆ. ಅವರ ಮುಖ ಕರಗಿತು. ಪಾಪ, ಮಾತು ಬಾರದವನು ಎಂದುಕೊಂಡರೆಂದು ಕಾಣುತ್ತದೆ. ನನ್ನ ಭುಜ ತಟ್ಟಿ, ಒಳಗೆ ಹೋಗಿ, ಒಂದು ಪೊಟ್ಟಣ ಖರ್ಜೂರವನ್ನೂ ತಣ್ಣನೆಯ ಜ್ಯೂಸನ್ನೂ ತಂದು ಕೈಗಿಟ್ಟರು.

ಬಾಯಿ ಮುಚ್ಚಿಕೊಂಡದ್ದಕ್ಕೆ ನನಗೆ ಸಿಕ್ಕಿದ ಮೊದಲ ಬಹುಮಾನ ಅದು. ಮೆಟ್ಟಿಲ ಮೇಲೆ ಕೂತು ಒಬ್ಬನೇ ತಿಂದೆ.