ಉಗುರುಸುತ್ತಿನ ಪಾಸ್‌ವರ್ಡ್

ಗುಟ್ಟು ಕಾಪಾಡುವುದು ಒಂದು ಕಲೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಆ ಕಲೆಗೆ ಒಗ್ಗುವ ಊರೂ ಬೇಕಲ್ಲ. ನಮ್ಮ ಶ್ರೀನಿವಾಸಪುರದಲ್ಲಿ ಒಬ್ಬರು ಬೆಳಿಗ್ಗೆ ಸ್ವಲ್ಪ ಜೋರಾಗಿ ಸೀನಿದರೆ, ಮಧ್ಯಾಹ್ನದೊಳಗೆ ಬಸ್ ನಿಲ್ದಾಣದಲ್ಲಿ ಅದಕ್ಕೆ ಯಾವ ಕಷಾಯ ಒಳ್ಳೆಯದೆಂದು ಕನ್ನಡದಲ್ಲೂ ತೆಲುಗಿನಲ್ಲೂ ಚರ್ಚೆ ಮುಗಿದಿರುತ್ತದೆ. ಇಂಥ ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಮ್ಯಾನೇಜರ್ ಆಗಿದ್ದೆ. ಮ್ಯಾನೇಜರ್ ಎಂದರೆ ಡಾಕ್ಟರಮ್ಮನೂ ನರ್ಸುಗಳೂ ಮಾಡದೆ ಬಿಟ್ಟ ಎಲ್ಲ ಕೆಲಸಗಳನ್ನು ಮಾಡುವವನು. ಟೋಕನ್ ಕೊಡುವುದು, ಕೆಟ್ಟ ಫ್ಯಾನು ರಿಪೇರಿ ಮಾಡಿಸುವುದು, ಇಂಜೆಕ್ಷನ್ ಎಂದ ಕೂಡಲೇ ಮೆಲ್ಲಗೆ ಜಾರಿಕೊಳ್ಳುವ ದಪ್ಪ ಮೀಸೆಯ ಗಂಡಸರನ್ನು ಗೇಟಿನಲ್ಲಿ ಹಿಡಿದು ತರುವುದು, ಹೀಗೆ.

ಇದಲ್ಲದೆ ಯಾರೂ ಆದೇಶ ಕೊಟ್ಟು ನೇಮಿಸದ ಇನ್ನೊಂದು ಹುದ್ದೆಯೂ ನನಗಿತ್ತು. ನಮ್ಮ ಕಡೆ ಹೆಣ್ಣು ನೋಡಿ ಒಪ್ಪಿ, ಜಾತಕ ಕೂಡಿ, ಮನೆತನ ವಿಚಾರಿಸಿ ಎಲ್ಲ ಆದಮೇಲೆ, ಕಡೆಯದಾಗಿ ಗಂಡಿನ ಕಡೆಯ ಒಬ್ಬ ಸೋದರಮಾವ ಯಾವುದೋ ನೆಪ ಹೂಡಿಕೊಂಡು ನರ್ಸಿಂಗ್ ಹೋಮಿಗೆ ಬರುತ್ತಿದ್ದ. ಹೆಣ್ಣಿನ ಕಡೆಯವರೂ ಅಳಿಯನಾಗುವವನ ಬಗ್ಗೆ ಹೀಗೆಯೇ ಬರುತ್ತಿದ್ದರು. ಬಂದವರು ಬಿಸಿಲು, ಮಾವಿನ ಹೂವು, ಬೋರ್‌ವೆಲ್ಲು ಎಲ್ಲವನ್ನೂ ಮಾತಾಡಿ, ಎದ್ದು ಹೊರಡುವಾಗ ದನಿ ತಗ್ಗಿಸಿ, “ಆ ಹುಡ್ಗಿ ನಿಮ್ಮಲ್ಲಿಗೆ ತೋರಿಸ್ಕೊಳ್ಳೋಕೆ ಬರ್ತದಂತಲ್ಲ, ಏನಾದ್ರೂ ಐತಾ ಸಾಮೀ?” ಎನ್ನುತ್ತಿದ್ದರು. ಏನೂ ಇಲ್ಲದಿದ್ದರೆ ನಾನು “ಬಂಗಾರದಂಥ ಹುಡುಗಿ, ಕಣ್ಮುಚ್ಚಿ ಮಾಡ್ಕೊಳ್ಳಿ” ಎನ್ನುತ್ತಿದ್ದೆ. ಏನಾದರೂ ಇದ್ದರೆ, ನನಗೂ ಮನಸ್ಸಾಕ್ಷಿ ಇದೆಯಲ್ಲ, ಬಾಯಿ ಬಿಡುತ್ತಿರಲಿಲ್ಲ. “ಅದೆಲ್ಲ ನಾನು ಹೇಳೋಕಾಗಲ್ಲ” ಎಂದು ಸುಮ್ಮನೆ ಫ್ಯಾನು ನೋಡುತ್ತಿದ್ದೆ. ಹೀಗೆ ರೋಗಿಗಳ ಗುಟ್ಟು ಕಾಪಾಡುತ್ತಿದ್ದೇನೆ ಎಂಬ ಹೆಮ್ಮೆಯಲ್ಲೇ ವರ್ಷಗಳನ್ನು ಕಳೆದೆ.

ಹೊಸ ಶತಮಾನ ಬಂದು ಸ್ವಲ್ಪ ಹಳೆಯದಾಗುವ ಹೊತ್ತಿಗೆ ನಮ್ಮ ಡಾಕ್ಟರಮ್ಮ ಒಂದು ಕಂಪ್ಯೂಟರ್ ತರಿಸಿದರು. ಅದನ್ನು ಕೂರಿಸಲು ಕೋಲಾರದಿಂದ ಪ್ರಸಾದ್ ಎಂಬ ತರುಣ ಬಂದ. ವೈರುಗಳನ್ನೆಲ್ಲ ಸಿಕ್ಕಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮುಗಿಸಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ. “ಸಾರ್, ಪೇಷಂಟುಗಳ ಮಾಹಿತಿ ಅಂದ್ರೆ ತುಂಬಾ ಸೂಕ್ಷ್ಮ. ಇಂಟರ್‌ನೆಟ್ ಹಾಕಿಸಿದ್ಮೇಲೆ ಎಲ್ಲೆಲ್ಲಿಂದಲೋ ಕಳ್ಳರು ಕೈಹಾಕ್ತಾರೆ. ರಷ್ಯಾದಲ್ಲಿ ಕೂತ್ಕೊಂಡೇ ಕದೀತಾರೆ. ವೈರಸ್ ಬೇರೆ. ಪಾಸ್‌ವರ್ಡ್ ಹಾಕಿ, ಯಾರಿಗೂ ಹೇಳ್ಬೇಡಿ. ಇದಕ್ಕೆಲ್ಲಾ ಇನ್ಮೇಲೆ ನೀವೇ ಜವಾಬ್ದಾರಿ” ಎಂದ.

ಇಷ್ಟು ವರ್ಷ ಫ್ಯಾನಿಗೆ ಮಾತ್ರ ಜವಾಬ್ದಾರನಾಗಿದ್ದವನ ಎದುರು ಒಮ್ಮೆಗೇ ರಷ್ಯಾ ಬಂದು ನಿಂತಿತು. ರೊಜ್ಜೇನಹಳ್ಳಿಯ ಮುನಿಯಪ್ಪನ ಮೂಲವ್ಯಾಧಿಯ ವಿವರ ರಷ್ಯಾದವನಿಗೆ ಯಾಕೆ ಬೇಕೆಂದು ನಾನು ಕೇಳಲಿಲ್ಲ. ಬೇಕಾಗುತ್ತದೆ ಎಂದೇ ನಂಬಿದೆ. ಕಂಪ್ಯೂಟರ್ ಕೋಣೆಗೆ ಬೀಗ ಹಾಕಿಸಿದೆ. ಚಪ್ಪಲಿ ಹೊರಗೆ ಬಿಡಬೇಕೆಂದು ಡಾಕ್ಟರಮ್ಮನಿಗೂ ಹೇಳಿದೆ. ಪರದೆ ಯಾರಿಗೂ ಕಾಣಬಾರದೆಂದು ಗೋಡೆಯ ಕಡೆ ತಿರುಗಿಸಿದೆ, ಅದರಿಂದ ನಾನೂ ಕತ್ತು ತಿರುಚಿಕೊಂಡೇ ಟೈಪ್ ಮಾಡಬೇಕಾಯಿತು. ಹೊರಗಿನವರು ತಂದ ಫ್ಲಾಪಿಯನ್ನು ಬೆರಳಲ್ಲೂ ಮುಟ್ಟುತ್ತಿರಲಿಲ್ಲ. ಪಾಸ್‌ವರ್ಡನ್ನು ಎಷ್ಟು ಸಲ ಬದಲಾಯಿಸಿದೆನೆಂದರೆ ಒಮ್ಮೆ ಅದು ನನಗೇ ಮರೆತುಹೋಗಿ, ಪ್ರಸಾದ್ ಕೋಲಾರದಿಂದ ಬಸ್ ಹತ್ತಿ ಬರುವವರೆಗೆ ಇಡೀ ಆಸ್ಪತ್ರೆ ನನ್ನನ್ನು ನೋಡುತ್ತಾ ಕೂತಿತ್ತು. “ನೋಡಿ, ನನಗೇ ತೆಗೆಯೋಕಾಗಲ್ಲ ಅಂದ್ರೆ ಕಳ್ಳನಿಗೆ ಆಗುತ್ತಾ?” ಎಂದು ಡಾಕ್ಟರಮ್ಮನಿಗೆ ಸಮಾಧಾನ ಹೇಳಿದೆ.

ಈ ಉತ್ಸಾಹದ ನಡುವೆಯೇ ಮಾಲೂರಿನಿಂದ ನಾರಾಯಣಪ್ಪ ಎಂಬವರು ಬಂದರು. ಬಿಳಿ ಪಂಚೆ, ಕೈಯಲ್ಲೊಂದು ವೈರ್ ಬ್ಯಾಗು. ನೋಡಿದ ಕೂಡಲೇ ಸೋದರಮಾವ ಎಂದು ಗೊತ್ತಾಯಿತು. ರೇಷ್ಮೆ ಸಾಕುವ ವೆಂಕಟಮ್ಮನ ಮಗಳು ರತ್ನ, ಇಲ್ಲಿಯ ಕಾನ್ವೆಂಟಿನಲ್ಲಿ ಪುಟ್ಟ ಮಕ್ಕಳಿಗೆ ಟೀಚರ್, ಅವಳನ್ನು ನಾರಾಯಣಪ್ಪನವರ ಅಕ್ಕನ ಮಗನಿಗೆ ನೋಡಿದ್ದರಂತೆ. ಎಲ್ಲರಿಗೂ ಒಪ್ಪಿಗೆಯಂತೆ. “ಏನಿಲ್ಲ, ಒಂದು ಮಾತು ಕೇಳ್ಕೊಂಡು ಹೋಗೋಣಾಂತ ಬಂದೆ” ಎಂದರು.

ರತ್ನ ನಮ್ಮಲ್ಲಿಗೆ ಬಂದಿದ್ದದ್ದು ಕಾಲಿನ ಉಗುರುಸುತ್ತಿಗೆ. (ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ.) ಅದೂ ಎಂದೋ ವಾಸಿಯಾಗಿತ್ತು. ಹಳೆಯ ಕಾಲವಾಗಿದ್ದರೆ “ಬಂಗಾರ” ಎಂದು ಒಂದೇ ಮಾತಿನಲ್ಲಿ ಕಳಿಸುತ್ತಿದ್ದೆ. ಆದರೆ ಈಗ ನಾನು ಜವಾಬ್ದಾರಿಯ ಮನುಷ್ಯ. ಬೆನ್ನು ನೆಟ್ಟಗೆ ಮಾಡಿಕೊಂಡು, “ಕ್ಷಮಿಸಿ, ಅದೆಲ್ಲ ಹೇಳೋಕಾಗಲ್ಲ. ಕಂಪ್ಯೂಟರಿನಲ್ಲಿ ಬೀಗ ಹಾಕಿ ಇಟ್ಟಿದ್ದೀವಿ” ಎಂದೆ.

ನಾರಾಯಣಪ್ಪನವರ ಮುಖ ಇಳಿಯಿತು. “ಬೀಗ ಹಾಕಿಡೋವಂಥದ್ದಾ?” ಎಂದರು. “ಯಾರು ಬಂದ್ರೂ ಹೇಳೋ ಹಾಗಿಲ್ಲ. ರಷ್ಯಾದೋರು ಬಂದ್ರೂ ಅಷ್ಟೇ” ಎಂದೆ. ಅವರು ಬ್ಯಾಗು ಕೆಳಗಿಟ್ಟು, “ಅರ್ಥ ಆಯ್ತು ಬಿಡಿ. ಇಷ್ಟು ಹೇಳಿದ್ರಲ್ಲ, ದೊಡ್ಡ ಉಪಕಾರ” ಎಂದು ನನ್ನ ಎರಡೂ ಕೈ ಹಿಡಿದುಕೊಂಡು ಹೊರಟುಹೋದರು. ಏನೂ ಹೇಳದವನಿಗೆ ಇಷ್ಟೊಂದು ಉಪಕಾರಸ್ಮರಣೆ ಯಾಕೆಂದು ನನಗೆ ಹೊಳೆಯಲಿಲ್ಲ. ಮಾಲೂರಿನವರು ಸಭ್ಯರು ಎಂದುಕೊಂಡು ಊಟಕ್ಕೆ ಹೋದೆ.

ಮುಂದಿನ ವಾರ ವೆಂಕಟಮ್ಮ ರತ್ನಳನ್ನು ಕರೆದುಕೊಂಡು ಬಂದರು. ಆಕೆ ಸಿಟ್ಟು ಬಂದರೆ ತೆಲುಗಿನಲ್ಲಿ ಶುರುಮಾಡಿ, ಅಳು ಬಂದಾಗ ಕನ್ನಡಕ್ಕೆ ಇಳಿಯುವವರು. “ಏಮಿ ಸಾಮೀ, ಮಾ ಪಿಲ್ಲಕಿ ಏಮೈಂದಿ?” ಎಂದು ಬಾಗಿಲಲ್ಲೇ ಕೂಗಿದರು. ಒಳಗೆ ಬಂದು ಸೆರಗು ಬಾಯಿಗಿಟ್ಟುಕೊಂಡು, “ನಮ್ಮ ಹುಡ್ಗಿಗೆ ಏನಾಗೈತೆ ಅಂತ ಮಾಲೂರೋರಿಗೆ ಹೇಳಿದ್ರಿ?” ಎಂದರು.

“ನಾನು ಏನೂ ಹೇಳ್ಲಿಲ್ಲಮ್ಮ!”

“ನಾನೂ ಅದನ್ನೇ ಕೇಳ್ತಿರೋದು. ಯಾಕ್ ಹೇಳ್ಲಿಲ್ಲ?”

ಮಾಲೂರಿನವರು ಮಾತುಕತೆ ಅಲ್ಲಿಗೇ ನಿಲ್ಲಿಸಿದ್ದರು. ಅಷ್ಟೇ ಆಗಿದ್ದರೆ ಬೇರೆ ಮಾತು. ‘ಬೀಗ ಹಾಕಿಟ್ಟ ಕಾಯಿಲೆ’ಯ ಸುದ್ದಿ ಊರಿಗೆ ತಿಳಿದು, ರತ್ನಳಿಗೆ ಮೂರ್ಛೆ ಇದೆಯೆಂದು ಒಂದು ಬೀದಿಯವರೂ, ಇಲ್ಲ ಕ್ಷಯವೇ ಇರಬೇಕೆಂದು ಇನ್ನೊಂದು ಬೀದಿಯವರೂ ತೀರ್ಮಾನ ಮಾಡಿಯಾಗಿತ್ತು. ಕಾನ್ವೆಂಟಿನಲ್ಲಿ ತಾಯಂದಿರು ತಮ್ಮ ಮಕ್ಕಳನ್ನು ಟೀಚರ್ ಮೇಜಿನ ಹತ್ತಿರ ಕೂರಿಸಬೇಡಿ ಎನ್ನತೊಡಗಿದ್ದರಂತೆ. ತಾಯಿಯ ಹಿಂದೆ ನಿಂತಿದ್ದ ರತ್ನ ಇದನ್ನು ಹೇಳುವಾಗ ನಗಲು ನೋಡಿದಳು, ಆಗಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ರಷ್ಯಾದವನು ಕಂಪ್ಯೂಟರನ್ನೇ ಹೊತ್ತುಕೊಂಡು ಹೋಗಿದ್ದರೂ ಈ ಹುಡುಗಿಗೆ ಇಷ್ಟು ಕೆಡುಕಾಗುತ್ತಿರಲಿಲ್ಲ.

ಗದ್ದಲ ಕೇಳಿ ಡಾಕ್ಟರಮ್ಮ ಹೊರಗೆ ಬಂದರು. ಎಲ್ಲ ಕೇಳಿಕೊಂಡು ನನ್ನ ಕಡೆ ತಿರುಗಿದರು. “ಇಷ್ಟು ವರ್ಷ ಆರೋಗ್ಯವಾಗಿರೋರನ್ನೆಲ್ಲ ಬಂಗಾರ ಬಂಗಾರ ಅಂತ ಕಳಿಸಿದ್ದೀರಿ. ನೀವು ಬಾಯಿ ಮುಚ್ಚಿದ್ರೆ ಏನರ್ಥ ಅಂತ ಮೂರು ತಾಲ್ಲೂಕಿಗೆ ಗೊತ್ತಿದೆ. ನಿಮ್ಮ ಪಾಸ್‌ವರ್ಡ್ ಗೊತ್ತಿಲ್ಲದೇ ಇದ್ದೋರು ನೀವೊಬ್ಬರೇ” ಎಂದರು. ಫ್ಯಾನು ನೋಡುತ್ತಾ ನಾನು ಬಿಟ್ಟುಕೊಟ್ಟ ಗುಟ್ಟುಗಳೆಲ್ಲ ಆಗ ಸಾಲಾಗಿ ನೆನಪಾದವು.

“ಈಗಲೇ ಮಾಲೂರಿಗೆ ಹೋಗಿ ಬರೀ ಉಗುರುಸುತ್ತು ಅಂತ ಹೇಳಿ ಬರ್ತೀನಿ” ಎಂದು ಚಪ್ಪಲಿ ಹುಡುಕಿದೆ. ತಡೆದದ್ದು ರತ್ನ. “ಬೇಡ ಸಾರ್. ಮದುವೆ ಆಗೋದು ಅವರ ಮಾವ ಅಲ್ವಲ್ಲ. ಆ ಹುಡುಗನೇ ಬಂದು ನನ್ನ ಕೇಳ್ಲಿ, ನಾನೇ ಹೇಳ್ತೀನಿ. ನಾನೂ ಅವರನ್ನ ಕೇಳೋದಿದೆ” ಎಂದಳು. ವೆಂಕಟಮ್ಮ “ಅಯ್ಯೋ ದೇವುಡಾ” ಎಂದು ಬೆಂಚಿನ ಮೇಲೆ ಕುಸಿದರು.

ಊರ ಬಾಯಿಂದ ಈ ಮಾತು ಮಾಲೂರಿಗೆ ಮುಟ್ಟಿ, ಆ ಹುಡುಗ ಬಂದ. ಮಾವನಿಗೆ ಹೇಳದೆ, ಸ್ನೇಹಿತನ ಸ್ಕೂಟರಿನಲ್ಲಿ ಬಂದ. ನರ್ಸಿಂಗ್ ಹೋಮಿನ ಬೇವಿನ ಮರದ ಕೆಳಗೇ ಇಬ್ಬರೂ ಮಾತಾಡಿದರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ, ಕಿಟಕಿ ಹತ್ತಿರ ಹೋಗಿದ್ದೆ, ಡಾಕ್ಟರಮ್ಮ ಕಿಟಕಿ ಮುಚ್ಚಿಸಿದರು. ಕಾರ್ತಿಕದಲ್ಲಿ ಮದುವೆಯಾಯಿತು. ಮದುವೆಮನೆಯಲ್ಲಿ ನಾರಾಯಣಪ್ಪನವರು ನನ್ನನ್ನು ಕಂಡು, ಹುಡುಗಿಗೆ ಏನೂ ಇಲ್ಲದ್ದು ನನಗೆ ಗೊತ್ತೇ ಇರಲಿಲ್ಲವೇನೋ ಪಾಪ ಎಂಬಂತೆ ನೋಡಿದರು. ನಾನು ಪಾಯಸದ ಕಡೆ ನೋಡಿದೆ.

ಅಂದಿನಿಂದ ನನ್ನದು ಎಲ್ಲರಿಗೂ ಒಂದೇ ಉತ್ತರ. ಗಟ್ಟಿಮುಟ್ಟಾದ ಪೈಲ್ವಾನನ ಬಗ್ಗೆ ಕೇಳಿದರೂ, ಹಾಸಿಗೆ ಹಿಡಿದವನ ಬಗ್ಗೆ ಕೇಳಿದರೂ, “ಹೇಳೋ ಹಾಗಿಲ್ಲ.” ಮೊದಮೊದಲು ತಾಲ್ಲೂಕಿನಲ್ಲಿ ಆರೋಗ್ಯವಂತರೇ ಉಳಿದಿಲ್ಲ ಎಂಬ ಗಾಬರಿ ಹಬ್ಬಿತು. ಆಮೇಲೆ ಜನ ನನ್ನನ್ನು ಕೇಳುವುದನ್ನೇ ಬಿಟ್ಟರು. ನನ್ನ ವ್ಯವಸ್ಥೆ ಭದ್ರವಾಯಿತೆಂದು ನಾನು ನೆಮ್ಮದಿಯಾಗಿದ್ದೆ.

ಮಾವಿನ ಕಾಲದಲ್ಲಿ ನನಗೆ ಯಾಕೋ ಸುಸ್ತು ಎಂದು ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ಸಂಜೆ ಮನೆಗೆ ಬಂದಾಗ ಹೆಂಡತಿ ಸರೋಜ, “ರೀ, ರಿಪೋರ್ಟ್ ಏನ್ ಬಂತು?” ಎಂದಳು. ಬಾಯಿಗೆ ಅಭ್ಯಾಸವಾಗಿತ್ತು. “ಹೇಳೋ ಹಾಗಿಲ್ಲ ಕಣೇ” ಎಂದೆ. ಮಾರನೆಯ ಬೆಳಿಗ್ಗೆ ಕಾಫಿ ಸಕ್ಕರೆಯಿಲ್ಲದೆ ಸಪ್ಪೆಯಾಗಿತ್ತು. ಬುಟ್ಟಿಯಲ್ಲಿದ್ದ ಬಾದಾಮಿ ಮಾವಿನಹಣ್ಣುಗಳು ಪಕ್ಕದ ಮನೆ ಸೇರಿದ್ದವು. ನಾನು ಆಸ್ಪತ್ರೆಗೆ ಓಡಿ, ಕಂಪ್ಯೂಟರಿನಿಂದ ರಿಪೋರ್ಟನ್ನು ಪ್ರಿಂಟ್ ತೆಗೆದು ತಂದು ಅವಳ ಕೈಯಲ್ಲಿಟ್ಟೆ. ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದನ್ನ ಟೈಪ್ ಮಾಡಿದ್ದು ಯಾರು?”

“ನಾನೇ.”

“ಆ ಕಂಪ್ಯೂಟರಿನ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?”

“ನನ್ನ ಬಿಟ್ಟು ಈ ಪ್ರಪಂಚದಲ್ಲಿ ಒಬ್ಬರಿಗೂ ಗೊತ್ತಿಲ್ಲ” ಎಂದೆ ಹೆಮ್ಮೆಯಿಂದ.

“ಮತ್ತೆ ಇದನ್ನ ನಾನು ಹೇಗ್ರೀ ನಂಬೋದು?” ಎಂದು ಸರೋಜ ರಿಪೋರ್ಟನ್ನು ನೀಟಾಗಿ ಮಡಿಸಿ, ಸಪ್ಪೆ ಕಾಫಿಯ ಲೋಟದ ಕೆಳಗೆ ಇಟ್ಟಳು.