ಅತ್ತೆಯವರ ಕಾಗದಕ್ಕೆ ನಾನು ಸೇರಿಸಿದ ‘ಬಿಡ್ತು’

ಮಂಜು, ಗೀತಾ, ಅಜ್ಜಿಗೆ ಮಾತೇ ಬರುವುದಿಲ್ಲವೆಂದು ನೀವು ನಗುತ್ತೀರಿ. ನಿಜವೇ. ಹಳ್ಳಿಯ ಶಾಲೆಯಲ್ಲಿ ಏಳು ವರ್ಷ ಓದಿದರೂ ಮೇಷ್ಟ್ರಿಗೆ ನಾನು ಹೇಳಿದ್ದು ‘ಹಾಜರ್ ಸಾರ್’ ಒಂದೇ. ಮದುವೆಯಾಗಿ ದಿಬ್ಬೂರಹಳ್ಳಿಗೆ ಬಂದ ಮೇಲೆ ಹಾಜರಿ ಕೂಗುವವರಿಲ್ಲದೆ ಅದೂ ನಿಂತಿತು.

ನಮ್ಮ ಅತ್ತೆಯವರು ಹಾಗಲ್ಲ. ಸೊಪ್ಪು ಹಾಕುವಾಗ ರೇಷ್ಮೆಹುಳಗಳಿಗೂ ಬುದ್ಧಿ ಹೇಳುತ್ತಿದ್ದರು. ನಿಮ್ಮ ಅಪ್ಪ ಅಂಬೆಗಾಲಿಡುತ್ತಿದ್ದಾಗ ಅತ್ತೆಯವರ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಶಿಡ್ಲಘಟ್ಟದಿಂದ ಬಂದ ಹೊಸ ಡಾಕ್ಟರು, ಇನ್ನೂ ಮೀಸೆ ಸರಿಯಾಗಿ ಬಾರದವರು, ಪರೀಕ್ಷೆ ಮಾಡಿ ಮಂಚದ ಪಕ್ಕ ಕುಳಿತು, “ಅಮ್ಮಾ, ಇದು ವಾಸಿಯಾಗೋದು ಕಷ್ಟ. ಕಡೆಗಾಲದಲ್ಲಿ ಎಲ್ಲಿರಬೇಕು ಅಂತ ನಿಮಗಿಷ್ಟ?” ಎಂದು ನೇರವಾಗಿ ಕೇಳಿಬಿಟ್ಟರು.

ನೀವು ನೋಡಿಲ್ಲದ ನಿಮ್ಮ ತಾತ ಹೌಹಾರಿ, “ಬಿಡ್ತು ಅನ್ನಿ ಡಾಕ್ಟ್ರೇ!” ಎಂದು ಕೂಗಿದರು. ಕೆಟ್ಟ ಮಾತು ಬಾಯಿಂದ ಬಿದ್ದರೆ ಕೂಡಲೇ ‘ಬಿಡ್ತು’ ಎಂದು ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಸೂರಿನ ಮೇಲಿನ ದೇವತೆಗಳು ಅಸ್ತು ಎಂದುಬಿಡುತ್ತಾರೆ. ಪಾಪ, ಡಾಕ್ಟರು “ಬಿಡ್ತು” ಎಂದರು. ಮತ್ತೆ ಕೇಳಿದರು. ಮತ್ತೆ ಬಿಡ್ತು. ಹೀಗೆ ನಾಲ್ಕು ಸಲ ಅತ್ತೆಯವರ ಕಡೆಗಾಲ ಬಂದು ಹೋಯಿತು.

“ಕೇಳ್ತಿರೋದು ನನ್ನ, ನೀನು ಸುಮ್ನಿರೋ,” ಎಂದು ಅತ್ತೆಯವರು ಮಗನನ್ನು ಗದರಿದರು. “ಡಾಕ್ಟ್ರಪ್ಪಾ, ಬೆಂಗ್ಳೂರು ಆಸ್ಪತ್ರೆಗೆ ನಾನು ಹೋಗಲ್ಲ. ಇದೇ ಮಂಚ. ನೋವಿಗೆ ಏನಾದ್ರೂ ಕೊಡು, ಸಾಕು. ಆದ್ರೆ ಹುಳ ಗೂಡು ಕಟ್ಟೋವರ್ಗೂ ಸಾಯಕಾಗಲ್ಲ. ಸೂತಕದ ಮನೇಲಿ ಸೊಪ್ಪು ಹಾಕೋರ್ಯಾರು?”

“ಅದು ನನ್ನ ಕೈಲಿಲ್ಲಮ್ಮ.”

“ಮತ್ತೆ ಯಾತಕ್ಕೆ ಕೇಳ್ದೆ?”

ಇದನ್ನೆಲ್ಲ ಬರೆದಿಡಿ ಎಂದರು ಡಾಕ್ಟರು. ಮನೆಯಲ್ಲಿ ಅಕ್ಷರ ದುಂಡಗಿದ್ದವಳು ನಾನೇ. ಬಾಗಿಲ ಹಿಂದೆ ಕುಳಿತು ಬರೆದೆ. ಆದರೆ ಅತ್ತೆಯ ಸಾವನ್ನು ಸೊಸೆ ಕೈಯಾರೆ ಬರೆಯುವುದೆಂದರೆ! ಹೆದರಿ ಪ್ರತಿ ಸಾಲಿನ ಕೊನೆಗೂ ‘ಬಿಡ್ತು’ ಸೇರಿಸಿದೆ. ಅತ್ತೆಯವರು ಹೆಬ್ಬೆಟ್ಟು ಒತ್ತಿದರು.

ಹದಿನೈದು ದಿನಕ್ಕೆ ನೋವು ಏರಿತು. ತಾತ ಬೆಂಗಳೂರಿಗೆಂದು ಕಾರು ತಂದು ನಿಲ್ಲಿಸಿದರು. ನೋಡಲು ಬಂದಿದ್ದ ಡಾಕ್ಟರು ಕಾಗದ ತೋರಿಸಿದರೆ, ತಾತ ಅದನ್ನು ಓದಿ, “ಬೆಂಗಳೂರು ಬೇಡ, ಬಿಡ್ತು. ಇದೇ ಮಂಚ, ಬಿಡ್ತು. ಎಲ್ಲಾ ವಜಾ ಆಗೈತೆ ಡಾಕ್ಟ್ರೇ! ಕಾರು ಹತ್ತಿಸಣ!” ಎಂದರು. ಅತ್ತೆಯವರಿಗೆ ಮಾತಾಡುವ ಶಕ್ತಿ ಇರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಡಾಕ್ಟರ ಜೇಬಿನಿಂದ ನಾನೇ ಪೆನ್ನು ಎತ್ತಿಕೊಂಡೆನಂತೆ, ನನಗೆ ನೆನಪಿಲ್ಲ. ಗಂಡನ ಕೈಯಿಂದ ಕಾಗದ ಕಿತ್ತುಕೊಂಡು ‘ಬಿಡ್ತು’ಗಳನ್ನೆಲ್ಲ ಒಂದೊಂದಾಗಿ ಹೊಡೆದುಹಾಕಿದೆ. “ಇವು ನನ್ನವು. ಮಿಕ್ಕಿದ್ದು ಅತ್ತೇದು,” ಎಂದೆ. ತಾತ ಕಾಗದವನ್ನು ಇನ್ನೊಮ್ಮೆ ಓದಿ, ಕಾರಿನವನಿಗೆ ಹೋಗೆಂದು ಕೈಸನ್ನೆ ಮಾಡಿದರು. ಕಾರು ಖಾಲಿಯಾಗಿ ಹಿಂದಿರುಗಿತು.

ಅತ್ತೆಯವರು ಅದೇ ಮಂಚದ ಮೇಲೆ ಇನ್ನೂ ಎಂಟು ದಿನ ಇದ್ದರು. ರೇಷ್ಮೆಗೂಡು ಬಿಡಿಸಿದ ಮರುದಿನ ಹೋದರು. “ಇದು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ,” ಎಂದರು ಡಾಕ್ಟರು.

ಅಂಥ ಧೈರ್ಯವಂತೆಯಾದ ನನ್ನನ್ನು ಮೊನ್ನೆ ಚಿಕ್ಕಬಳ್ಳಾಪುರದ ಡಾಕ್ಟರಮ್ಮ, “ಅಜ್ಜಿ, ಮುಂದಕ್ಕೆ ನಿಮಗೇನಿಷ್ಟ?” ಎಂದು ಕೇಳಿದರು. “ನನ್ನ ಮಗ ಹೇಳ್ದಂಗೆ ಕಣಮ್ಮ,” ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದೆ. ಸುಳ್ಳು. ಕಡೆಗಾಲಕ್ಕೆ ನನಗೂ ಮನೆಯೇ ಬೇಕು, ನಿಮ್ಮಿಬ್ಬರ ಜಗಳ ಕೇಳಿಸುವ ನಡುಮನೆಯೇ ಬೇಕು. ಎದುರಿಗೆ ಹೇಳಲು ನಾಚಿಕೆ. ಅದಕ್ಕೇ ಬರೆದಿದ್ದೇನೆ. ಈ ಹಾಳೆಗಳನ್ನು ಜೋಪಾನವಾಗಿ ಇಡಿ, ನನ್ನ ಪೆಟ್ಟಿಗೆಯ ತಳದಲ್ಲಲ್ಲ, ನಿಮ್ಮ ಅಪ್ಪನ ಕೈಗೆ ತಟ್ಟನೆ ಸಿಗುವ ಕಡೆ.