ಬೆರಳೆತ್ತಿದರೆ ನಿಲ್ಲುವ ಗಾಡಿ

ತಿಮ್ಮರಾಯಪ್ಪ: ಮೂರು ವಯರಾ? ಹಂಗಾರೆ ಇದು ಈಗ ಆಗೋ ಕೆಲ್ಸ ಅಲ್ಲ ಬುಡಿ ಅಳಿಯಂದ್ರೆ. ಈ ವಾರ ಮೂರು ಫೇಸು ಬರೋದು ರಾತ್ರಿ ಹತ್ತರ ಮ್ಯಾಲೆ.

ಕೆಂಪರಾಜು: ಮಾವ, ಇದು ಬೋರ್‌ವೆಲ್ ಮೋಟಾರಲ್ಲ. ಆಟದ ಗಾಡಿ ಮೋಟಾರು. ಬ್ಯಾಟರೀಲಿ ಓಡ್ತದೆ.

ತಿಮ್ಮರಾಯಪ್ಪ: ವಯರು ಮೂರು ಐತೋ ಇಲ್ವೋ?

ಕೆಂಪರಾಜು: ಐತೆ.

ತಿಮ್ಮರಾಯಪ್ಪ: ಬ್ಯಾಟ್ರಿಗೆ ಎಷ್ಟು ವಯರು?

ಕೆಂಪರಾಜು: ಎರಡು.

ತಿಮ್ಮರಾಯಪ್ಪ: ಮತ್ತೆ ಮೂರನೇದು ಎಲ್ಲಿಂದ ತತ್ತೀರಿ? ನಮ್ಮ ಕಂಬದಿಂದ್ಲಾ?

ಜವಳಗಿರಿಯ ಮಾವನ ಮನೆಯ ಹಿತ್ತಲಲ್ಲಿ, ಹುಣಸೆ ಮರದ ನೆರಳಿನ ಕಲ್ಲುಚಪ್ಪಡಿಯ ಮೇಲೆ ಎರಡು ಡಬ್ಬಿಗಳು ಅಕ್ಕಪಕ್ಕ ಕೂತಿದ್ದವು. ಅವುಗಳ ಮುಂದೆ, ಹೆಣ್ಣು ನೋಡಲು ಬಂದು ಅಕ್ಕತಂಗಿಯರಿಬ್ಬರನ್ನೂ ಒಪ್ಪಿಬಿಟ್ಟ ಗಂಡಿನಂತೆ, ಕೆಂಪರಾಜು. ಹೊಸೂರಿನ ಕಾರ್ಖಾನೆಯೊಂದರಲ್ಲಿ ಅವನು ಗುಣಮಟ್ಟ ಪರೀಕ್ಷಕ. ದಿನಕ್ಕೆ ಸಾವಿರ ಬೋಲ್ಟುಗಳಿಗೆ ರೆಪ್ಪೆ ಮಿಟುಕಿಸದೆ ಪಾಸು-ಫೇಲು ಹೇಳುವ ಆಸಾಮಿ, ಈ ಎರಡು ಡಬ್ಬಿಗಳಲ್ಲಿ ಒಂದನ್ನು ಆರಿಸಲು ಮೂರು ವಾರದಿಂದ ಒದ್ದಾಡುತ್ತಿದ್ದ.

ಅವನ ರಿಮೋಟ್ ಗಾಡಿ ತಲೆದಿಂಬಿನಷ್ಟು ದೊಡ್ಡದು. ಓಡುವುದು ಅದರ ಕಸುಬಲ್ಲ; ದಪ್ಪ ಚಕ್ರಗಳನ್ನು ಊರಿಕೊಂಡು ಬಂಡೆ ಹತ್ತುವುದು. ಹೋದ ಸಲ ಬಂದಾಗ ಅದು ಈ ಹಿತ್ತಲಿನ ಬಂಡೆಯನ್ನು ಹತ್ತುವ ಬದಲು ಹಾರಿತ್ತು. ಹಾರಿ, ಅತ್ತೆ ಪಾರ್ವತಮ್ಮನವರು ಬಿಸಿಲಿಗೆ ಹರವಿದ್ದ ಸಂಡಿಗೆಯ ನಡುವೆ ರಸ್ತೆ ಮಾಡಿಕೊಂಡು ಹೋಗಿ ದನದ ಬಾನಿಗೆ ಬಿದ್ದು, ಮೋಟಾರು ಸುಟ್ಟು ಹೊಗೆ ಬಿಟ್ಟು, ಸುಮ್ಮನಾಗಿತ್ತು. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಾಗ ಕೆಂಪರಾಜು ರೋಷದಲ್ಲಿ ಒಂದು ಮಾತು ಆಡಿಬಿಟ್ಟ: "ಮುಂದಿನ ಸಲ ಈ ಗಾಡಿ ಬಂಡೆ ನೆತ್ತಿ ಮೇಲೆ ನಿಂತರೆ ಕಿಟಕಿ ಪಕ್ಕದ ಮೇಜು ನಂದು. ಇಲ್ಲಾಂದ್ರೆ ನಾಗವೇಣಿದು!"

ಹೊಸೂರಿನ ಅವರ ಎರಡು ಕೋಣೆಯ ಮನೆಯಲ್ಲಿ ಬೆಳಕು ಬೀಳುವ ಮೇಜು ಅದೊಂದೇ. ಅದರ ಮೇಲೆ ಅವನ ಚಕ್ರ, ಸ್ಕ್ರೂ, ಸ್ಪ್ರಿಂಗು. ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ಹೊಲಿಯುವ ಹೆಂಡತಿ ನಾಗವೇಣಿಯ ಮಿಷನ್ನು ಮಾತ್ರ ಅಕ್ಕಿ ಡ್ರಮ್ಮಿನ ಹಿಂದೆ, ಕತ್ತಲಲ್ಲಿ. ಅವಳು ಇವತ್ತು ಅಳತೆ ಟೇಪನ್ನು ತವರಿಗೂ ತಂದಿದ್ದಳು. ಯಾಕೆಂದು ಕೇಳುವ ಧೈರ್ಯ ಕೆಂಪರಾಜುವಿಗೆ ಬಂದಿರಲಿಲ್ಲ.

ನಾಗವೇಣಿ: ರೀ, ಇನ್ನೂ ಆರಿಸ್ತಾನೇ ಇದ್ದೀರಾ? ನಾಲ್ಕು ಗಂಟೆ ಬಸ್ಸಿಗೆ ಹೊರಡ್ಬೇಕು. ಜೂಜುವಾಡಿ ಅಂಗಡಿ ಪ್ರಮೋದು ಏನಂದ? ಸೀಲು ಒಡೀದೆ ಇರೋ ಡಬ್ಬೀನ ಇವತ್ತೇ ವಾಪಸ್ ಕೊಡಿ ಅಂದ್ನಾ ಇಲ್ವಾ?

ಕೆಂಪರಾಜು: ಅವಸರ ಮಾಡ್ಬೇಡ. ಇದು ಟೆಕ್ನಿಕಲ್ ವಿಚಾರ. ಎರಡು ಡಬ್ಬೀಲೂ ಮೋಟಾರು, ಅದುಕ್ಕೆ ಹೊಂದೋ ಸ್ಪೀಡ್ ಕಂಟ್ರೋಲರು ಅವೆ. ಇದು ಎರಡು ವಯರಿಂದು, ಒಳಗೆ ಸವೆಯೋ ಕಾರ್ಬನ್ ಬ್ರಶ್ ಇರ್ತದೆ. ಅದು ಮೂರು ವಯರಿಂದು, ಕಾರ್ಬನ್ ಇಲ್ಲ. ಇದ್ರಲ್ಲಿ ಮೋಟಾರ್ ಮೇಲಿನ ನಂಬರು ಜಾಸ್ತಿ ಆದಷ್ಟೂ ಗಾಡಿ ನಿಧಾನ. ಅದ್ರಲ್ಲಿ ನಂಬರು ಕಮ್ಮಿ ಆದಷ್ಟೂ ನಿಧಾನ.

ತಿಮ್ಮರಾಯಪ್ಪ: ಇದೇನ್ ಕಣಮ್ಮ ಇದು, ಒಂದಕ್ಕೆ ಜಾಸ್ತಿ ಆಗ್ಬೇಕಂತೆ, ಒಂದಕ್ಕೆ ಕಮ್ಮಿ ಆಗ್ಬೇಕಂತೆ.

ನಾಗವೇಣಿ: ಇವರ ರಕ್ತದ ರಿಪೋರ್ಟು ಇದ್ದಂಗೆ ಕಣಪ್ಪ. ಸಕ್ಕರೆ ಕಮ್ಮಿ ಇರ್ಬೇಕು, ಕಬ್ಬಿಣ ಜಾಸ್ತಿ ಇರ್ಬೇಕು. ಇವರು ಅದ್ನೂ ಉಲ್ಟಾ ಇಟ್ಕೊಂಡವ್ರೆ.

ತಿಮ್ಮರಾಯಪ್ಪ: ಅದಿರ್ಲಿ, ನಿಧಾನಕ್ಕೆ ಹೋಗಾಕೆ ಮೋಟ್ರು ಯಾತಕ್ಕೆ? ಹೋದ ವಾರ ಆನೆ ಈ ಬಂಡೆ ಹತ್ತಿ, ಆ ಕಡೆ ಇಳ್ಕಂಡು ಹೋಯ್ತು. ಅದುಕ್ಕೆ ಯಾವ ಮೋಟ್ರು ಇತ್ತು?

ನಾಗವೇಣಿ: ನಿಧಾನವೇ ಬೇಕು ಅಂದ್ರೆ ಇವರನ್ನೇ ಗಾಡಿ ಒಳಗೆ ಕೂರಿಸ್ಬೋದು. ಬೆಳಗ್ಗೆ ನೀರು ತುಂಬ್ಸಿ ಅಂದ್ರೆ ಸಾಯಂಕಾಲಕ್ಕೆ ಬಿಂದಿಗೆ ಹುಡುಕ್ತಾರೆ.

ಕೆಂಪರಾಜು: ನಗಿ, ನಗಿ. ಬಂಡೆ ಹತ್ತೋ ಗಾಡೀಲಿ ಎಳೆಯೋ ಶಕ್ತಿ ಮುಖ್ಯ, ಓಟ ಅಲ್ಲ. ಇನ್ನೊಂದು ವಿಷ್ಯ ಅಂದ್ರೆ, ಬೆರಳೆತ್ತಿದ ತಕ್ಷಣ ಚಕ್ರ ಬಿಗಿಯಾಗಿ ನಿಂತ್ಕಬೇಕು. ಇಳಿಜಾರಲ್ಲಿ ಹಿಂದಕ್ಕೆ ಜಾರಬಾರ್ದು. ಅದನ್ನೆಲ್ಲ ನೋಡ್ಕೊಳೋದು ಈ ಕಂಟ್ರೋಲರು.

ನಾಗವೇಣಿ: ಅಯ್ಯೋ, ಅಷ್ಟೇನಾ? ನನ್ ಹೊಲಿಗೆ ಮಿಷನ್ ಪೆಡಲ್ಲು ಅದನ್ನೇ ಮಾಡ್ತದೆ. ಒತ್ತಿದಷ್ಟು ಓಟ, ಕಾಲೆತ್ತಿದ್ರೆ ಸೂಜಿ ನಿಂತ್ಕತದೆ.

ಕೆಂಪರಾಜು: ಹೊಲಿಗೆ ಮಿಷನ್ನಿಗೆ ಇದನ್ನ ಹೋಲಿಸ್ಬೇಡ ಮಾರಾಯ್ತಿ. ಇದು ಎಲೆಕ್ಟ್ರಾನಿಕ್ಸು.

ತಿಮ್ಮರಾಯಪ್ಪ: ಎರಡು ವಯರಿಂದೇ ಹಾಕಿ ಅತ್ಲಾಗಿ. ಬ್ಯಾಟ್ರಿಗೂ ಎರಡು, ಮೋಟ್ರಿಗೂ ಎರಡು. ಲೆಕ್ಕ ಸರಿಹೋಯ್ತದೆ.

ಕೆಂಪರಾಜು: ಲೆಕ್ಕ ಅದಲ್ಲ ಮಾವ. ಮೂರು ವಯರಿನ ಮೋಟಾರಿಗೆ ಬ್ಯಾಟರಿ ನೇರ ಕನೆಕ್ಷನ್ ಇಲ್ಲ. ಬ್ಯಾಟರಿ ಕೊಡೋ ಎರಡನ್ನ ಈ ಕಂಟ್ರೋಲರೇ ಮೂರು ಫೇಸು ಮಾಡಿ ಮೋಟಾರಿಗೆ ಕೊಡ್ತದೆ.

ತಿಮ್ಮರಾಯಪ್ಪನವರ ಬಾಯಲ್ಲಿದ್ದ ಎಲೆಯಡಿಕೆ ಅರ್ಧಕ್ಕೆ ನಿಂತಿತು. ಮೂವತ್ತು ವರ್ಷ ಮೂರು ಫೇಸಿನ ದಾರಿ ಕಾಯುತ್ತ, ಕರೆಂಟು ಬಂದ ಗಳಿಗೆಗೆ ಸರಿಯಾಗಿ ಊಟ-ನಿದ್ದೆ ಹೊಂದಿಸಿಕೊಂಡು ಬಂದ ರೈತ ಅವರು.

ತಿಮ್ಮರಾಯಪ್ಪ: ಏನಂದ್ರಿ? ಇನ್ನೊಂದ್ಸಲ ಯೋಳಿ.

ಕೆಂಪರಾಜು: ಈ ಡಬ್ಬೀಲಿರೋ ಕಂಟ್ರೋಲರ್ ಒಳಗೇ ಮೂರು ಫೇಸು ತಯಾರಾಯ್ತದೆ.

ತಿಮ್ಮರಾಯಪ್ಪ: ಅಪ್ಪಡಿಯಾ, ಹಂಗಾ! ಬೆಂಕಿಪೊಟ್ಟಣದಷ್ಟು ಐತೆ, ಇದ್ರಾಗೆ ಮೂರು ಫೇಸು ಹುಟ್ತದಾ? ಐದು ಎಚ್‌ಪಿ ಮೋಟ್ರಿಗೂ ಸಿಕ್ತದಾ ಇದು?

ಕೆಂಪರಾಜು: ಮಾವ, ಅದು ಆಟದ ಸಾಮಾನು... ಇರಿ, ಇರಿ! ಸೀಲು! ಸೀಲು ಒಡೀಬೇಡಿ, ನಾನಿನ್ನೂ ಡಿಸೈಡ್ ಮಾಡಿಲ್ಲ—

ತಿಮ್ಮರಾಯಪ್ಪನವರ ಹೆಬ್ಬೆರಳ ಉಗುರು ಕಡಲೆಕಾಯಿ ಸುಲಿದು ಪಳಗಿದ್ದು. ಚರ್ರೆಂದು ಒಂದೇ ಸದ್ದು. ಮೂರು ವಾರ ತೀರ್ಮಾನವಾಗದ ವಿಷಯ ಮೂರು ಸೆಕೆಂಡಿನಲ್ಲಿ ತೀರ್ಮಾನವಾಯಿತು. ಕೆಂಪರಾಜುವಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮಾತ್ರ ಹೇಳಿಕೊಳ್ಳಲಾಗದ ನಿರಾಳ.

ತಿಮ್ಮರಾಯಪ್ಪ: ಇದೇನು, ಮೋಟ್ರಿನ ಹೊರಗಿನ ಚಿಪ್ಪೇ ತಿರುಗ್ತಾ ಐತಲ್ಲ! ಬೋಲ್ಟು ಸಡ್ಲ ಆಗೈತೆ. ನಿಮ್ಮ ಕಾರ್ಖಾನೇಲಿ ಪಾಸ್ ಮಾಡಿದ್ದಾ?

ಕೆಂಪರಾಜು: ಅದು ಹಂಗೇ ತಿರುಗ್ಬೇಕು ಮಾವ. ಕೊಡಿ ಇಲ್ಲಿ.

ಅರ್ಧ ಗಂಟೆಯಲ್ಲಿ ಮೋಟಾರು ಗಾಡಿಯ ಹೊಟ್ಟೆ ಸೇರಿತು. ಮೂರು ವಯರುಗಳು ಕಂಟ್ರೋಲರಿನ ಮೂರು ತುದಿಗೆ ಕಚ್ಚಿಕೊಂಡವು. ಪಾರ್ವತಮ್ಮನವರು ಸಂಡಿಗೆಯನ್ನು ಈ ಸಲ ಮಾಳಿಗೆಯ ಮೇಲೆ ಹರವಿ, ತಾವೂ ಅಲ್ಲೇ ಕೋಲು ಹಿಡಿದು ಕೂತಿದ್ದರು. ಕೆಂಪರಾಜು ಗಾಡಿಯನ್ನು ಬಂಡೆಯ ಬುಡದಲ್ಲಿಟ್ಟು, ದೇವರನ್ನು ನೆನೆದು, ಮುಂದಕ್ಕೆ ಒತ್ತಿದ. ಗಾಡಿ ಗಂಭೀರವಾಗಿ ಹಿಂದಕ್ಕೆ ಹೊರಟಿತು.

ನಾಗವೇಣಿ: ಅದೇನ್ರೀ, ಬಂಡೆ ನೋಡಿ ಹೆದರ್ಕೊಂತಾ?

ಕೆಂಪರಾಜು: ಇರು, ರಿಮೋಟ್ ಸೆಟ್ಟಿಂಗು... ಅಲ್ಲ, ಮೋಟಾರೇ ಡಿಫೆಕ್ಟು! ಸೀಲು ಬೇರೆ ಒಡೆದು ಹೋಯ್ತು! ಮೋಟಾರು ಜೋಡಿಸೋ ವಿಡಿಯೋದಲ್ಲಿ ಒಬ್ಬ ಏನೋ ಹೇಳಿದ್ದ, ನೋಡ್ತೀನಿ ತಡಿ. ಥತ್, ಇಲ್ಲಿ ಸಿಗ್ನಲ್ಲೇ ಇಲ್ವಲ್ಲ!

ಅವನು ಫೋನನ್ನು ಎತ್ತಿ ಹಿಡಿದು ಹುಣಸೆ ಮರವನ್ನು ಎರಡು ಸುತ್ತು ಬಂದ. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ತಿಮ್ಮರಾಯಪ್ಪನವರು ಬ್ಯಾಟರಿ ಕಳಚಿ, ಮೂರು ವಯರುಗಳಲ್ಲಿ ಎರಡನ್ನು ಕಿತ್ತು ಅದಲುಬದಲು ಮಾಡಿ ಸಿಕ್ಕಿಸಿಯೂ ಆಗಿತ್ತು.

ಕೆಂಪರಾಜು: ಅಯ್ಯಯ್ಯೋ! ಮಾವ, ಏನ್ ಮಾಡ್ಬುಟ್ರಿ?

ತಿಮ್ಮರಾಯಪ್ಪ: ನಮ್ಮ ಬೋರು ಹಾಕ್ಸಿದ್ ದಿವ್ಸ ಮೋಟ್ರು ಬೊಬ್ಬೆ ಹೊಡ್ಕೊಂತು, ನೀರು ಮಾತ್ರ ಸರಿಯಾಗಿ ಬರ್ಲಿಲ್ಲ. ಉಲ್ಟಾ ತಿರುಗ್ತಿತ್ತು. ಮೂರರಾಗೆ ಯಾವ್ದಾರಾ ಎರಡು ವಯರು ಬದಲಾಯ್ಸುದ್ರೆ ಸೀದಾ ತಿರುಗ್ತದೆ. ಇದುಕ್ಕೆ ಸಿಗ್ನಲ್ ಯಾಕೆ? ಒತ್ತಿ ಈಗ.

ಕೆಂಪರಾಜು ಒತ್ತಿದ. ಗಾಡಿ ಮುಂದಕ್ಕೆ ಹೋಯಿತು.

ತಿಮ್ಮರಾಯಪ್ಪ: ಹ್ಞಾ, ಹತ್ಲಾ ಮಗನೇ! ನಿಂಗೇ ಕಣ್ಲಾ, ಗಾಡೀಗೆ ಯೋಳಿದ್ದು. ಅಳಿಯಂದ್ರೆ, ನಿಮಗಲ್ಲ.

ಗಾಡಿ ಮುದುಕಿ ಮೆಟ್ಟಿಲು ಹತ್ತುವಂತೆ ತಡವರಿಸಿ ತಡವರಿಸಿ ಅರ್ಧ ಬಂಡೆ ಏರಿತು. ಅದನ್ನು ಕಂಡು ಕೆಂಪರಾಜುವಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷವೆಲ್ಲ ಬೆರಳಿಗೆ ಇಳಿದು ರಿಮೋಟನ್ನು ಗಟ್ಟಿಯಾಗಿ ಒತ್ತಿಬಿಟ್ಟಿತು. ಗಾಡಿ ಮೂತಿ ಎತ್ತಿ, ಪಲ್ಟಿ ಹೊಡೆದು, ಬುಡಕ್ಕೆ ಬಂದು ಅಂಗಾತ ಮಲಗಿತು. ಎರಡನೇ ಸಲವೂ ಅದೇ ಜಾಗ, ಅದೇ ಸಂತೋಷ, ಅದೇ ಪಲ್ಟಿ.

ನಾಗವೇಣಿ: ಎರಡಾಯ್ತು. ಮೂರೂ ಕಾಲು ಗಂಟೆ.

ಅವಳು ಟೇಪನ್ನು ಬಿಚ್ಚಿ ಸುಮ್ಮನೆ ಗಾಳಿಯಲ್ಲಿ ಏನನ್ನೋ ಅಳೆದಳು. ಮೇಜಿನ ಉದ್ದವೇ ಇರಬೇಕೆಂದು ಕೆಂಪರಾಜುವಿಗೆ ಖಾತ್ರಿಯಾಯಿತು.

ಕೆಂಪರಾಜು: ಈ ಕಂಟ್ರೋಲರೇ ಸರಿಯಿಲ್ಲ. ಜರ್ಕ್ ಹೊಡೀತದೆ.

ನಾಗವೇಣಿ: ಜರ್ಕ್ ಹೊಡೀತಿರೋದು ಡಬ್ಬಿ ಅಲ್ಲ, ನಿಮ್ ಬೆರಳು. ಹೊಸದಾಗಿ ಹೊಲಿಗೆ ಕಲಿಯೋರೆಲ್ಲ ಹಿಂಗೇ. ಧಡಕ್ಕಂತ ಒತ್ತೋದು, ಸೂಜಿ ಮುರ್ದು ಮಿಷನ್ನನ್ನ ಬಯ್ಯೋದು.

ಕೆಂಪರಾಜು: ಅಷ್ಟು ಸುಲಭ ಅಂದ್ರೆ ತಗಾ, ನೀನೇ ಹತ್ಸು!

ನಾಗವೇಣಿ ಸೆರಗಿಗೆ ಕೈ ಒರೆಸಿಕೊಂಡು ರಿಮೋಟು ತೆಗೆದುಕೊಂಡಳು. ರವಿಕೆಯ ಕತ್ತಿನ ತಿರುವಿನಲ್ಲಿ ಒಂದೊಂದೇ ಸೂಜಿ ಇಳಿಸುವ ಬೆರಳು ಅದು. ಗಾಡಿ ಕದಲಿತೋ ಇಲ್ಲವೋ ಎಂಬಂತೆ ಕದಲಿತು. ಪಲ್ಟಿಯ ಜಾಗ ಬಂದಾಗ ಅವಳು ಬೆರಳೆತ್ತಿದಳು. ಗಾಡಿ ಕಡಿದಾದ ಇಳಿಜಾರಿನಲ್ಲಿ, ಗೋಡೆಗೆ ಹಲ್ಲಿ ಕಚ್ಚಿಕೊಂಡಂತೆ, ನಿಂತಿತು. ಮತ್ತೆ ಒಂದೆಳೆ ಒತ್ತು. ಒಂದು ಗೇಣು ಏರಿತು. ಕೆಂಪರಾಜು ಎರಡು ಹೆಜ್ಜೆ ಹತ್ತಿರ ಬಂದ. ಗಾಡಿ ಹತ್ತಲಿ ಎಂದು ಬಯಸುವುದೋ ಬೀಳಲಿ ಎಂದು ಬಯಸುವುದೋ ತಿಳಿಯದೆ, ಎರಡನ್ನೂ ಒಟ್ಟಿಗೆ ಬಯಸಿದ.

ಗಾಡಿ ಬಂಡೆಯ ನೆತ್ತಿಯ ಮೇಲೆ ನಿಂತಿತು. ಮಾಳಿಗೆಯ ಮೇಲಿನಿಂದ ಪಾರ್ವತಮ್ಮನವರು ಕೋಲು ಬದಿಗಿಟ್ಟು ಚಪ್ಪಾಳೆ ತಟ್ಟಿದರು.

ಕೆಂಪರಾಜು: ಹತ್ತಿತು! ನೋಡಿ ಮಾವ, ನಾನು ಆಡಿದ ಮಾತೇನು? ಗಾಡಿ ನೆತ್ತಿ ಮೇಲೆ ನಿಂತರೆ ಮೇಜು ನಂದು. ಓಡಿಸೋರು ಯಾರು ಅಂತ ಮಾತಲ್ಲಿ ಇರ್ಲಿಲ್ಲ.

ತಿಮ್ಮರಾಯಪ್ಪ: ಅದೇನೋ ನಿಜ ಕಣಮ್ಮ ನಾಗೂ. ಮಾತು ಆಡಿದ್ದು ಗಾಡಿ ಮ್ಯಾಲೆ.

ನಾಗವೇಣಿ: ನಾನೆಲ್ಲಿ ಇಲ್ಲ ಅಂದೆ? ಮೇಜು ನಿಮ್ದೇ ರೀ.

ಇಷ್ಟು ಸುಲಭಕ್ಕೆ ಗೆದ್ದ ಅಭ್ಯಾಸ ಕೆಂಪರಾಜುವಿಗೆ ಹದಿನೆಂಟು ವರ್ಷದ ಸಂಸಾರದಲ್ಲಿ ಇರಲಿಲ್ಲ. ಅನುಮಾನದಿಂದಲೇ ಅವನು ರಿಮೋಟಿಗೆ ಕೈ ಚಾಚಿದ. ನಾಗವೇಣಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಕೆಂಪರಾಜು: ಕೊಡೇ ಇಲ್ಲಿ.

ನಾಗವೇಣಿ: ಮೇಜು ನಿಮ್ದು ಅಂದೆ. ಗಾಡಿ ನಿಮ್ದು ಅಂತ ಯಾರಂದ್ರು? ಮುಂದಿನ ಭಾನುವಾರದಿಂದ ಬಂಡೆ ಹತ್ಸೋಳು ನಾನು.

ಕೆಂಪರಾಜು: ಮತ್ತೆ ರವಿಕೆಗಳು? ಒಪ್ಕೊಂಡಿರೋದು ಹನ್ನೊಂದು ಇದ್ವಲ್ಲ?

ನಾಗವೇಣಿ: ಮಿಷನ್ನನ್ನ ನಿಮ್ಮ ಮೇಜಿನ ಮೇಲೆ ಇಟ್ಕೊಡ್ತೀನಿ, ಬೆಳಕು ಚೆನ್ನಾಗಿ ಬೀಳ್ತದೆ. ನೀವೇ ಕೂತು ಹೊಲೀರಿ. ಹೆದರ್ಬೇಡಿ, ಕಾಲೆತ್ತಿದ್ರೆ ನಿಂತ್ಕತದೆ.